ಹಳೇ ಹಾರ್ಡ್‌ಡಿಸ್ಕಿಗೆ 450 ರೂಪಾಯಿಯ ಕನ್ವರ್ಟರ್: ಡಬ್ಬಿ ಮೇಲಿನ 480 ಎಷ್ಟು ನಿಜ?

ನಮ್ಮದು ತುಮಕೂರಿನಲ್ಲಿ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಜಾತ್ರೆ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಇಂಥವೇ ಕೆಲಸ. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರಿನ ಹಳೇ ಫೈಲುಗಳೆಲ್ಲ ಕೆಟ್ಟುಹೋದ ಪೆಂಟಿಯಂ 4 ಮಷೀನುಗಳ ಐಡಿಇ ಹಾರ್ಡ್‌ಡಿಸ್ಕುಗಳಲ್ಲಿ, ಅಂದರೆ ಅಗಲ ಪಟ್ಟಿ ಕೇಬಲ್ ಚುಚ್ಚುವ ಹಳೇ ಬಗೆಯ ಡಿಸ್ಕುಗಳಲ್ಲಿ, ಉಳಿದಿದ್ದವು. ಈಗಿನ ಮದರ್‌ಬೋರ್ಡಿನಲ್ಲಿ ಆ ಅಗಲ ಪಟ್ಟಿ ಕೇಬಲ್ ಚುಚ್ಚಲು ಜಾಗವೇ ಇರಲ್ಲ. ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಂಥ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಈ ಯುಎಸ್‌ಬಿ 2.0 ಕನ್ವರ್ಟರ್ ತಗೊಂಡೆ. ಕಂಪನಿ ಹೆಸರೇ ಇಲ್ಲದ ಮಾಲು. ಕಪ್ಪು ಕನೆಕ್ಟರಿನ ಒಂದು ಕಡೆ ದೊಡ್ಡ ಡಿಸ್ಕಿನ 40 ಪಿನ್, ಇನ್ನೊಂದು ಕಡೆ ಲ್ಯಾಪ್‌ಟಾಪ್ ಡಿಸ್ಕಿನ 44 ಪಿನ್, ಮತ್ತೊಂದು ಬದಿಗೆ ಸಾಟಾ, ಅಂದರೆ ಐಡಿಇ ನಂತರ ಬಂದ ಡಿಸ್ಕುಗಳ ಸಣ್ಣ ಕನೆಕ್ಟರ್. ಜೊತೆಗೊಂದು ಪವರ್ ಅಡಾಪ್ಟರ್.

ಅಂಗಡಿ ಹುಡುಗ ಬಿಡಲೇ ಇಲ್ಲ. "ಸಾರ್, ಯುಎಸ್‌ಬಿ 3 ತಗೊಳ್ಳಿ, 1,400 ಅಷ್ಟೇ. ಹತ್ತು ಪಟ್ಟು ಸ್ಪೀಡು." ನನಗೆ ಬೇಕಿದ್ದದ್ದು ಐಡಿಇ ಡಿಸ್ಕಿಗೆ. ಅದಕ್ಕೆ ಹತ್ತು ಪಟ್ಟು ಸ್ಪೀಡ್ ಎಲ್ಲಿಂದ ಬರಬೇಕು?

ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು. ನನ್ನ ಸೀಗೇಟ್ 40 ಜಿಬಿ ಡಿಸ್ಕಿನ ಮೇಲೆ ಅಲ್ಟ್ರಾ ಎಟಿಎ/100 ಎಂದಿದೆ, ಅದು ಆ ಪಟ್ಟಿ ಕೇಬಲ್ಲಿನ ಸ್ಪೀಡ್ ದರ್ಜೆ. ಕನ್ವರ್ಟರ್ ಡಬ್ಬಿ ಮೇಲೆ 480 ಎಂದಿದೆ. ನೋಡಿದ ತಕ್ಷಣ 480 ದೊಡ್ಡದು ಅನಿಸುತ್ತದೆ, ಅಲ್ವಾ? ಆದರೆ ಎಟಿಎ ಪಕ್ಕದ 100 ಎಂದರೆ ಸೆಕೆಂಡಿಗೆ 100 ಮೆಗಾಬೈಟ್. ಯುಎಸ್‌ಬಿಯ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ 60 ಮೆಗಾಬೈಟ್. ಅಂದರೆ ಕಾಗದದ ಮೇಲೆ ಹಳೇ ಪಟ್ಟಿ ಕೇಬಲ್ಲೇ ಮುಂದೆ! ಆ 60 ಕೂಡ ಪೂರ್ತಿ ಕೈಗೆ ಸಿಗಲ್ಲ. ಯುಎಸ್‌ಬಿಯ ಒಳ ಮಾತುಕತೆಗೇ ಒಂದು ಪಾಲು ಹೋಗುತ್ತದೆ. ಕೊನೆಗೆ ಉಳಿಯುವುದು 30ರಿಂದ 35.

ಹಾಗಾದರೆ ನಷ್ಟವೇ? ಹೆಚ್ಚೇನಿಲ್ಲ. ಎಟಿಎ/100 ಅನ್ನುವುದು ಕೇಬಲ್ಲಿನ ತಾಕತ್ತು, ಒಳಗೆ ತಿರುಗುವ ತಟ್ಟೆಯದ್ದಲ್ಲ. ಆ ಕಾಲದ ತಟ್ಟೆಯಿಂದ ಹೊರ ಅಂಚಿನಲ್ಲಿ 40-50 ಮೆಗಾಬೈಟ್ ಬಂದರೆ ದೊಡ್ಡದು. ಒಳಗೆ ಹೋದ ಹಾಗೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಯುಎಸ್‌ಬಿ 3ರ 5 ಗಿಗಾಬಿಟ್ಟನ್ನು ಹತ್ತರಿಂದ ಭಾಗಿಸಬೇಕು, ಯಾಕೆಂದರೆ ಅಲ್ಲಿ ಪ್ರತಿ 8 ಬಿಟ್ ಕಳಿಸಲು ತಂತಿ ಮೇಲೆ 10 ಬಿಟ್ ಓಡುತ್ತದೆ. 500 ಮೆಗಾಬೈಟ್ ಆಯಿತು. ಡಿಸ್ಕ್ ಕೊಡುವುದೇ 40 ಆದರೆ ಆ 500 ಸುಮ್ನೆ ಖಾಲಿ ಬಿದ್ದಿರುತ್ತದೆ.

ನನಗೆ ಸಿಕ್ಕ ಸ್ಪೀಡ್ ಹೇಳಿಬಿಡುತ್ತೇನೆ. ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮಿನಲ್ಲಿ ಇಡೀ ಡಿಸ್ಕಿನ ಇಮೇಜ್, ಅಂದರೆ ಮೊದಲಿಂದ ಕೊನೆವರೆಗಿನ ಯಥಾವತ್ ನಕಲು, ತೆಗೆದೆ. ಸ್ಪೀಡ್ 28ರ ಆಸುಪಾಸು ನಿಂತಿತ್ತು. 40 ಜಿಬಿ ಡಿಸ್ಕ್ ಸುಮಾರು 24 ನಿಮಿಷಕ್ಕೆ ಮುಗಿಯಿತು. (ವಿಂಡೋಸ್ ಇದೇ ಡಿಸ್ಕನ್ನು 37 ಜಿಬಿ ಎಂದು ತೋರಿಸುತ್ತದೆ. ಕಂಪನಿಯವರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತದೆ. ಕಳ್ಳತನವೇನಿಲ್ಲ.) ಅದೇ ಡಿಸ್ಕಿನಿಂದ ವಿಂಡೋಸಿನಲ್ಲಿ ಫೋಲ್ಡರ್ ಎಳೆದು ಕಾಪಿ ಮಾಡಿದಾಗ, ಸಾವಿರಾರು ಸಣ್ಣ ಫೈಲು ಇರುವ ಕಡೆ 3-4 ಮೆಗಾಬೈಟಿಗೆ ಕುಸಿಯಿತು. ಅಲ್ಲಿ ಕನ್ವರ್ಟರಿನ ತಪ್ಪಿಲ್ಲ. ಡಿಸ್ಕಿನೊಳಗೆ ಓದುವ ಮುಳ್ಳು ಆ ಕಡೆ ಈ ಕಡೆ ಓಡಾಡಿಯೇ ಸುಸ್ತಾಗುತ್ತದೆ. ಹಳೇ ಡಿಸ್ಕಿಗೆ ಇಮೇಜ್ ತೆಗೆಯುವುದೇ ವಾಸಿ. ಡಿಟಿಪಿಯವರಿಗೆ ಇನ್ನೊಂದು ಲಾಭವೂ ಇದೆ: ಫಾಂಟ್ಸ್ ಫೋಲ್ಡರೂ ಜೊತೆಗೇ ಬರುತ್ತದೆ. ಹಳೇ ನುಡಿ ಫಾಂಟ್ ಇಲ್ಲದೆ ಬರೀ ಫೈಲ್ ತಂದರೆ ಸ್ಕ್ರೀನ್ ಮೇಲೆ ಕನ್ನಡದ ಬದಲು ಎಂಥದೋ ಚಿಹ್ನೆಗಳು ಕಾಣುತ್ತವೆ.

ಕುತೂಹಲಕ್ಕೆ ಇದನ್ನು ಮೂಲೆಯಲ್ಲಿದ್ದ ಪೆಂಟಿಯಂ 3ಕ್ಕೂ ಹಾಕಿದೆ. ಅದರಲ್ಲಿರುವುದು ಯುಎಸ್‌ಬಿ 1.1, ಅಂದರೆ 12 ಮೆಗಾಬಿಟ್, ಅಂದರೆ ಒಂದೂವರೆ ಮೆಗಾಬೈಟ್. ಕೈಗೆ ಬಂದದ್ದು ಒಂದೇ ಮೆಗಾಬೈಟ್. ಆ ಲೆಕ್ಕದಲ್ಲಿ ಇದೇ ಇಮೇಜಿಗೆ 11 ಗಂಟೆ ಬೇಕು. 52 ಎಕ್ಸ್ ಸಿಡಿ ಡ್ರೈವ್ ಕೂಡ ಅದಕ್ಕಿಂತ ವೇಗ. ಸಿಡಿಯ ಒಂದು ಎಕ್ಸ್ ಅಂದರೆ 150 ಕಿಲೋಬೈಟ್, 52ಕ್ಕೆ ಏಳೂವರೆ ಮೆಗಾಬೈಟಿಗೂ ಮೇಲೆ.

ಸಾಟಾ ಡಿಸ್ಕಿಗೆ ಮಾತ್ರ ಈ ಕನ್ವರ್ಟರ್ ಬೇಡ. 500 ಜಿಬಿ ಡಿಸ್ಕ್ 100 ಮೆಗಾಬೈಟ್ ಕೊಡಲು ತಯಾರಿದ್ದರೂ ಇದು 30ಕ್ಕೇ ಕಟ್ಟಿಹಾಕುತ್ತದೆ. ನಾಲ್ಕೂವರೆ ಗಂಟೆ ಕಾಯಬೇಕು. ಅಲ್ಲಿ ಹುಡುಗ ಹೇಳಿದ 1,400ರದ್ದೇ ಸರಿ.

ಇನ್ನು ದೂರುಗಳು. ಪವರ್ ಅಡಾಪ್ಟರ್ ಅರ್ಧ ಗಂಟೆಯಲ್ಲಿ ಕೈ ಇಡಲಾಗದಷ್ಟು ಬಿಸಿ. ನಾಲ್ಕು ಪಿನ್ನಿನ ಪವರ್ ಪ್ಲಗ್ ಒತ್ತಿದರೆ ಒಂದು ಪಿನ್ ಹಿಂದಕ್ಕೆ ಜಾರುತ್ತದೆ. ಡಿಸ್ಕ್ ತಿರುಗಲ್ಲ, ನಮಗೆ ಡಿಸ್ಕೇ ಹೋಯಿತು ಅನಿಸುತ್ತದೆ. ಪಿನ್ನನ್ನು ಸಣ್ಣ ಇಕ್ಕಳದಲ್ಲಿ ಮುಂದಕ್ಕೆ ಎಳೆದು ಕೂರಿಸಿದ ಮೇಲೆ ಸರಿಯಾಯಿತು. 44 ಪಿನ್ನಿನ ಕಡೆ ತಿರುಗುಮುರುಗಾಗಿ ಚುಚ್ಚದಂತೆ ತಡೆಯಲು ಏನೂ ಇಲ್ಲ, ಟಾರ್ಚ್ ಬಿಟ್ಟು ನೋಡಿಯೇ ಹಾಕಿ. ಡಿಸ್ಕಿನ ಜಂಪರ್ (ಒಂದೇ ಕೇಬಲ್ಲಿನ ಎರಡು ಡಿಸ್ಕಿನಲ್ಲಿ ಯಾವುದು ಮೊದಲನೆಯ ಮಾಸ್ಟರ್, ಯಾವುದು ಎರಡನೆಯ ಸ್ಲೇವ್ ಎಂದು ಗೊತ್ತುಮಾಡುವ ಪುಟ್ಟ ಕ್ಲಿಪ್) ಮಾಸ್ಟರ್‌ನಲ್ಲಿರಬೇಕು ಅನ್ನುವುದನ್ನು ಡಬ್ಬಿಯ ಮೇಲೆ ಎಲ್ಲೂ ಬರೆದಿಲ್ಲ. ಸ್ಲೇವ್‌ನಲ್ಲಿದ್ದ ನನ್ನ ಎರಡನೇ ಡಿಸ್ಕ್ ಜಂಪರ್ ಬದಲಿಸುವ ತನಕ ಕಾಣಿಸಲೇ ಇಲ್ಲ.

ಗ್ಯಾರಂಟಿ ಇಲ್ಲ, ಬಿಲ್ಲೂ ಕೇಳಿದರೆ ಮಾತ್ರ. ಹೋಗುವಾಗ ಒಂದು ಹಳೇ ಡಿಸ್ಕ್ ಚೀಲದಲ್ಲಿ ಹಾಕಿಕೊಂಡು ಹೋಗಿ, ಕೌಂಟರಿನಲ್ಲೇ ಜೋಡಿಸಿ ತಿರುಗಿಸಿ ನೋಡಿ ದುಡ್ಡು ಕೊಡಿ. ನಾಲ್ಕೈದು ಅಡಾಪ್ಟರ್ ಮುಂದೆ ಇಡಿಸಿ, ಕೈಗೆ ಭಾರ ಅನಿಸಿದ್ದನ್ನು ಆರಿಸಿಕೊಳ್ಳಿ.