ಹರ್ಸ್ ರೇಟರ್ ತರಬೇತಿ: ಕೋರ್ಸ್ ಫೀಸು ಬರೀ ಮುಂಗಡ

ಇಲ್ಲಿ ಅಮೆರಿಕದ ಕ್ಯಾರಿ ಊರಿನಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋಗಿದ್ದಾಗ ಒಬ್ಬಳು ಹುಡುಗಿ ಪಕ್ಕದಲ್ಲಿ ಬಂದು ಕೂತಳು. "ಅಕ್ಕಾ, ನೀವು ಮಾಡಿದ್ರಲ್ಲ ಮನೆ ರೇಟಿಂಗ್ ಕೋರ್ಸು, ನಾನೂ ಸೇರ್ಕೋಬಹುದಾ? ಎರಡು ಸಾವಿರ ಡಾಲರ್ ಒಳಗೇ ಮುಗಿಯುತ್ತಂತಲ್ಲ?" ನನ್ನ ಬಾಯಲ್ಲಿ ಒಬ್ಬಟ್ಟಿತ್ತು, ತಲೆ ಅಡ್ಡಡ್ಡ ಆಡಿಸಿದೆ. ಕೋರ್ಸೇ ಬೇಡ ಅಂದೆ ಅಂದುಕೊಂಡು ಅವಳ ಮುಖ ಸಪ್ಪಗಾಯಿತು. ನಾನು ತಲೆ ಆಡಿಸಿದ್ದು ಎರಡು ಸಾವಿರದ ಮಾತಿಗೆ. ಊಟದ ಗಲಾಟೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೀತಿದ್ದೀನಿ.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಮದುವೆಯಾಗಿ ನಾರ್ತ್ ಕ್ಯಾರೊಲಿನಾಗೆ ಬಂದು, ಎಚ್-4 ಅನ್ನೋ ಸಂಗಾತಿ ವೀಸಾದಲ್ಲಿ ಏಳು ವರ್ಷ ಮನೆಯಲ್ಲಿದ್ದು, ಕೆಲಸದ ಪರ್ಮಿಟ್ ಕೈಗೆ ಸಿಕ್ಕಾಗ ಹುಡುಕಿದ್ದು ಕಂಪ್ಯೂಟರ್ ಮುಂದೆ ಇಡೀ ದಿನ ಕೂರದ ಕೆಲಸ. ಸಿಕ್ಕಿದ್ದು ಇದು, ಮನೆಗಳಿಗೆ ಇಂಧನದ ಅಂಕ ಹಾಕುವ ಹರ್ಸ್ ರೇಟರ್ ಕೆಲಸ. ಈಗಲೂ ಅರ್ಧ ದಿನ ಕಂಪ್ಯೂಟರ್ ಮುಂದೆಯೇ ಕೂರ್ತೀನಿ, ಅದು ಬೇರೆ ಮಾತು.

ಗೊತ್ತಿಲ್ಲದವರಿಗೆ ಎರಡು ಮಾತು. ಹರ್ಸ್ ಇಂಡೆಕ್ಸ್ ಅಂದರೆ ಒಂದು ಮನೆ ಎಷ್ಟು ಇಂಧನ ತಿನ್ನುತ್ತೆ ಅನ್ನೋದಕ್ಕೆ ಕೊಡುವ ಅಂಕ. ಅದೇ ಅಳತೆಯ ಮನೆಯನ್ನು 2006ರ ಇಂಧನ ಕೋಡ್ (ಕಟ್ಟಡ ನಿಯಮ) ಪ್ರಕಾರ ಕಟ್ಟಿದ್ದರೆ ಹೇಗಿರುತ್ತಿತ್ತು ಅಂತ ಸಾಫ್ಟ್‌ವೇರ್ ಒಂದು ಅವಳಿ ಮನೆ ಕಟ್ಟಿಕೊಳ್ಳುತ್ತೆ, ಅದಕ್ಕೆ 100. ತಾನು ಖರ್ಚು ಮಾಡಿದಷ್ಟನ್ನೂ ತಾನೇ ಉತ್ಪಾದಿಸಿಕೊಳ್ಳುವ ಮನೆಗೆ 0. ಕಡಿಮೆ ಬಂದಷ್ಟೂ ಜಾಣ ಮನೆ. ಮರುಮಾರಾಟಕ್ಕೆ ಬರುವ ಸಾಧಾರಣ ಹಳೇ ಮನೆ 130ರ ಆಸುಪಾಸು ಅಂತ ಲೆಕ್ಕ. ಇದನ್ನೆಲ್ಲ ನಡೆಸೋದು 1995ರಲ್ಲಿ ಶುರುವಾದ ರೆಸ್‌ನೆಟ್ ಅನ್ನೋ ಸಂಸ್ಥೆ. ಆದರೆ ಅದು ನೇರವಾಗಿ ನಮ್ಮ ಕೈಗೆ ಸಿಗೋದಿಲ್ಲ, ನಡುವೆ ರೇಟರ್‌ಗಳ ಕೆಲಸ ಪರಿಶೀಲಿಸುವ ಪ್ರೊವೈಡರ್ ಅಂತ ಒಬ್ಬರಿರ್ತಾರೆ. ಈ ಹೆಸರು ನೆನಪಿಟ್ಟುಕೊಳ್ಳಿ, ಕಥೆಯ ಅರ್ಧ ಅವರದ್ದೇ.

ಮೊದಲು ತರಬೇತಿ. ನಾನು ಕೊಟ್ಟಿದ್ದು 1,895 ಡಾಲರ್. ಮೂರು ವಾರ ಸಂಜೆ ಹೊತ್ತು ಆನ್‌ಲೈನ್ ಪಾಠ, ಆಮೇಲೆ ಎರಡು ದಿನ ನಿಜವಾದ ಮನೆಯಲ್ಲಿ. ಆನ್‌ಲೈನ್ ಭಾಗ ಸುಮಾರು. ಶಾಖ ಹೇಗೆ ಹರಿಯುತ್ತೆ, ಆರ್-ವ್ಯಾಲ್ಯೂ (ಶಾಖವನ್ನು ಎಷ್ಟು ತಡೆಯುತ್ತೆ ಅನ್ನೋ ಅಳತೆ) ಅಂದರೇನು ಅನ್ನೋದನ್ನು ಸ್ಲೈಡ್ ಓದಿಯೇ ಕಲಿಸಿದರು. ಎಂಜಿನಿಯರಿಂಗ್ ಓದಿದವರು ಆ ಹೊತ್ತಿನಲ್ಲಿ ಸಾರಿಗೆ ಒಗ್ಗರಣೆ ಹಾಕ್ಕೊಂಡು ಕೇಳಬಹುದು, ನಾನು ಹಾಗೇ ಕೇಳಿದ್ದು.

ಆ ಎರಡು ದಿನದ ಫೀಲ್ಡ್ ಮಾತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕಲಿಸಿದವರು ಇಪ್ಪತ್ತು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದವರು, ಮಾತು ಕಮ್ಮಿ, ಕೈ ಜಾಸ್ತಿ. ಮನೆಯ ಗಾಳಿ ಸೋರಿಕೆ ಅಳೆಯುವ ಬ್ಲೋವರ್ ಡೋರ್ ಕೂರಿಸೋದನ್ನು ಅಲ್ಲೇ ಕಲಿತೆ. ಮುಂಬಾಗಿಲ ಚೌಕಟ್ಟಿಗೆ ಅಲ್ಯುಮಿನಿಯಂ ಫ್ರೇಮ್ ಬಿಗಿದು, ನೈಲಾನ್ ಬಟ್ಟೆ ಎಳೆದು, ಕೆಳಗಿನ ತೂತಿಗೆ ಫ್ಯಾನ್ ಸಿಕ್ಕಿಸಿ ಮನೆಯ ಗಾಳಿಯನ್ನು ಹೊರಗೆ ಹೀರೋದು. ಒಳಗೂ ಹೊರಗೂ ಒತ್ತಡದ ವ್ಯತ್ಯಾಸ 50 ಪ್ಯಾಸ್ಕಲ್ ಆಗೋವರೆಗೆ ಫ್ಯಾನ್ ಏರಿಸ್ತಾ ಹೋಗಬೇಕು. ಗಂಟೆಗೆ 20 ಮೈಲಿ ವೇಗದ ಗಾಳಿ ಮನೆಯ ನಾಲ್ಕೂ ಕಡೆಯಿಂದ ಒಟ್ಟಿಗೆ ಬೀಸಿದ ಹಾಗೆ. ಆಗ ಕರೆಂಟಿನ ಸ್ವಿಚ್ ಬೋರ್ಡ್ ಹತ್ತಿರ ಅಂಗೈ ಹಿಂಭಾಗ ಹಿಡಿದರೆ ತಣ್ಣಗೆ ಗಾಳಿ ತಾಕುತ್ತೆ. ಗೋಡೆಯೊಳಗೆ ಯಾರೋ ಕೂತು ಊದುತ್ತಿದ್ದಾರೇನೋ ಅನ್ನಿಸುತ್ತೆ. (ನಾನು ಹುಟ್ಟಿದ ಹೆಂಚಿನ ಮನೆಗೆ ಈ ಫ್ಯಾನ್ ಹಾಕಿದ್ದರೆ 50 ಇರಲಿ, 5 ಪ್ಯಾಸ್ಕಲ್ ಕೂಡ ಮುಟ್ಟುತ್ತಿರಲಿಲ್ಲ.) ಸೋರಿಕೆ ಹುಡುಕೋಕೆ ಅವರ ಹತ್ತಿರ ಹೊಗೆ ಬಿಡುವ ಪೆನ್ಸಿಲ್ ಇತ್ತು. ಮರುದಿನ ನಾನು ದೇವರ ಮನೆಯಿಂದ ಊದುಬತ್ತಿ ತಗೊಂಡು ಹೋದೆ. ಅದರ ಹೊಗೆ ಇನ್ನೂ ಸಣ್ಣ, ಇನ್ನೂ ನೆಟ್ಟಗೆ. ಅವರೂ ನಾಲ್ಕು ಕಡ್ಡಿ ಇಸಕೊಂಡರು.

ಅವತ್ತೇ ಒಂದು ಎಡವಟ್ಟೂ ಆಯಿತು. ಫ್ಯಾನ್ ಹಾಕುವ ಮೊದಲು ಅಗ್ಗಿಷ್ಟಿಕೆಯ ಡ್ಯಾಂಪರ್ (ಹೊಗೆ ಕೊಳವೆಯ ಮುಚ್ಚಳ) ಮುಚ್ಚಿದೆಯಾ, ಬೂದಿ ಇದೆಯಾ ನೋಡಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿತ್ತು, ನಾನು ಮರೆತಿದ್ದೆ. ಹೋದ ಚಳಿಗಾಲದ ಬೂದಿಯೆಲ್ಲ ಒಂದೇ ಉಸಿರಿಗೆ ಬಿಳೀ ಕಾರ್ಪೆಟ್ ಮೇಲೆ ಬಂತು. ಮನೆ ಕಲಿಸುವವರ ಅತ್ತಿಗೆಯದು. ವ್ಯಾಕ್ಯೂಮ್ ಹೊಡೆಯೋಕೆ ಒಂದೂವರೆ ಗಂಟೆ ಬೇಕಾಯಿತು, ಅವರು ಒಂದು ಮಾತೂ ಬೈಯಲಿಲ್ಲ. ಇನ್ನೊಂದು ಉಪಾಯ ಅವರಿಂದಲೇ ಕಲಿತಿದ್ದು. ಪರೀಕ್ಷೆಗೆ ಅಂತ ಗ್ಯಾಸ್ ವಾಟರ್ ಹೀಟರ್ ಆರಿಸಿದಾಗ ನಮ್ಮ ಕಾರಿನ ಕೀಲಿ ಅದರ ಮೇಲಿಟ್ಟು ಬರಬೇಕು. ಹೀಟರ್ ಮತ್ತೆ ಹಚ್ಚದೆ ಮನೆಗೆ ಹೋಗೋಕಾಗಲ್ಲ. ನೂರಾರು ಸ್ಲೈಡ್‌ಗಳಲ್ಲಿ ಇಲ್ಲದ್ದು ಇದು.

ಕಲಿಸದೇ ಬಿಟ್ಟಿದ್ದೂ ಇದೆ. ಈ ಕಡೆ ಬಹಳ ಮನೆಗಳ ಕೆಳಗೆ ಕ್ರಾಲ್ ಸ್ಪೇಸ್ ಇರುತ್ತೆ, ಹೆಸರೇ ಹೇಳುವ ಹಾಗೆ ತೆವಳಿಕೊಂಡೇ ಹೋಗಬೇಕು. ಒದ್ದೆ ಮಣ್ಣು, ಜೇಡ, ತಲೆಗೆ ತಾಗುವ ಮೊಳೆ. ಮೇಲೆ ಜುಲೈ ತಿಂಗಳ ಅಟ್ಟ, ಹತ್ತು ನಿಮಿಷಕ್ಕೆ ಕಣ್ಣು ಕತ್ತಲೆ ಬರುತ್ತೆ. ಶಾಖ ತಡೆಯೋಕೆ ಹಾಕುವ ಇನ್ಸುಲೇಷನ್ ಹೇಗೆ ತುಂಬಿದ್ದಾರೆ ಅಂತ ನೋಡಿ ಗ್ರೇಡ್ 1, 2, 3 ಅಂತ ಹಾಕೋದು ಇಂಥ ಜಾಗದಲ್ಲಿ ಬಗ್ಗಿಕೊಂಡು. ತರಬೇತಿಯಲ್ಲಿ ಅದನ್ನು ಫೋಟೋ ತೋರಿಸಿ ಮುಗಿಸಿದರು.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಒಂದು ಪ್ರಶ್ನೆಪತ್ರಿಕೆಯದು, ಎರಡು ಪರದೆ ಮೇಲಿನ ಅಣಕು ಮನೆಯೊಳಗೆ ಓಡಾಡಿ ಮಾಡೋದು. ಆ ಎರಡರಲ್ಲಿ ಒಂದು ಗ್ಯಾಸ್ ಉಪಕರಣಗಳ ಸುರಕ್ಷತೆಗೆ ಅಂತಲೇ. ಓದಿದರೆ ಪಾಸಾಗ್ತೀರಿ. ಕಷ್ಟ ಪಾಸಾದ ಮೇಲಿದೆ. ತರಬೇತುದಾರರ ಜೊತೆ ಎರಡು ಮನೆ ಆದಮೇಲೆ ಪ್ರೊವೈಡರ್ ಉಸ್ತುವಾರಿಯಲ್ಲಿ ಇನ್ನೂ ಮೂರು ಮನೆ ರೇಟ್ ಮಾಡಿ ತೋರಿಸಿದರೆ ಮಾತ್ರ ಸರ್ಟಿಫಿಕೇಟ್. ಮನೆ ಹುಡುಕೋದು ಯಾರು? ನಾವೇ. ಪ್ರೊವೈಡರ್ ಬಂದು ನಿಂತು ನೋಡೋದಕ್ಕೆ ಫೀಸು ಕೊಡೋದು ಯಾರು? ಅದೂ ನಾವೇ, ಮನೆಗೆ 250. ಬಿಲ್ಡರ್‌ಗೆ ಬಿಟ್ಟಿಯಾಗಿ ಮಾಡಿಕೊಡ್ತೀನಿ ಅಂತ ಕಾಲು ಹಿಡಿಯೋದೊಂದು ಬಾಕಿ ಇತ್ತು. ನನ್ನ ಮೊದಲ ಪ್ರೊವೈಡರ್ ಹೆಸರು ಬರೆಯೋದಿಲ್ಲ. ಸೇರುವ ಮುಂಚೆ ಎರಡೇ ರಿಂಗಿಗೆ ಫೋನ್ ಎತ್ತುತ್ತಿದ್ದರು, ಚೆಕ್ ಪಾಸಾದ ಮೇಲೆ ಮೇಲ್‌ಗೆ ಉತ್ತರ ಬರೋಕೆ ಒಂಬತ್ತು ದಿನ. ಮೂರು ಮನೆ ಮುಗಿಸೋಕೆ ಹನ್ನೊಂದು ವಾರ ಹಿಡಿಯಿತು. ಮನೆಗಳು ನನಗಾಗಿ ಕಾಯ್ತಾವಾ? ಒಂದಕ್ಕೆ ಅವರು ದಿನ ಕೊಡುವಷ್ಟರಲ್ಲಿ ಗೋಡೆ ಮುಚ್ಚುವ ಡ್ರೈವಾಲ್ ಹಲಗೆ ಹೊಡೆದುಬಿಟ್ಟಿದ್ದರು. ಗೋಡೆಯೊಳಗೆ ಏನಿದೆ ಅಂತ ನೋಡೋಕೆ ದಾರಿ ಇಲ್ಲ, ಹೊಸ ಮನೆ ಹುಡುಕಿದೆ.

ಈಗಿನ ಪ್ರೊವೈಡರ್ ವರ್ಷಕ್ಕೆ 600, ಮನೆಗೆ 55 ತಗೋತಾರೆ. ಮೊದಲಿನವರಿಗಿಂತ ಜಾಸ್ತಿಯೇ. ಆದರೆ ನಾನು ಅಟ್ಟದ ಏಣಿ ಮೇಲಿಂದ ಫೋನ್ ಮಾಡಿದರೂ ಎತ್ತುತ್ತಾರೆ. ಆ 55ರಲ್ಲಿ ಏನಿದೆ ಅಂತ ನಮ್ಮೆಜಮಾನರು ಕೇಳ್ತಿದ್ರು. ನಿಯಮದ ಪ್ರಕಾರ ನಮ್ಮ ಫೈಲುಗಳಲ್ಲಿ ಕನಿಷ್ಠ ನೂರಕ್ಕೆ ಹತ್ತನ್ನು ಅವರು ತೆಗೆದು ಪರಿಶೀಲಿಸಬೇಕು, ನೂರಕ್ಕೆ ಒಂದು ಮನೆಯನ್ನು ಸ್ಥಳಕ್ಕೇ ಬಂದು ಮರುಅಳತೆ ಮಾಡಬೇಕು. ನನ್ನ ತಪ್ಪು ಹಿಡಿಯೋದಕ್ಕೆ ನಾನೇ ಕೊಡುವ ಸಂಬಳ ಅದು.

ಸಾಫ್ಟ್‌ವೇರ್‌ಗೆ ಬರೋಣ. ರೆಮ್/ರೇಟ್, ಎಕೊಟ್ರೋಪ್, ಎನರ್ಜಿಗೇಜ್ ಅಂತ ರೆಸ್‌ನೆಟ್ ಒಪ್ಪಿರುವ ಹೆಸರುಗಳು ಕೇಳಿಬರ್ತವೆ. ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ, ಪ್ರೊವೈಡರ್ ಬಳಸೋದು ಯಾವುದೋ ನಿಮ್ಮದೂ ಅದೇ ಆಗುತ್ತೆ. ನನಗೆ ತರಬೇತಿಯಲ್ಲಿ ಕಲಿಸಿದ್ದು ಒಂದು, ಪ್ರೊವೈಡರ್ ಕೈಗಿಟ್ಟಿದ್ದು ಇನ್ನೊಂದು. ಎರಡು ವಾರ ರಾತ್ರಿ ನಿದ್ದೆಗೆಟ್ಟು ಮತ್ತೆ ಮೊದಲಿಂದ ಕಲಿತೆ. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಪ್ರೊವೈಡರ್ ಗೊತ್ತು ಮಾಡಿಕೊಂಡಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಆದರೆ ಇಡೀ ಕೆಲಸದಲ್ಲಿ ನನಗೆ ಖುಷಿ ಕೊಡೋದೂ ಇದೇ ಭಾಗ. ಗೋಡೆ, ಕಿಟಕಿ, ಎಸಿ ಎಲ್ಲ ತುಂಬಿಸಿ ಮುಗಿದ ಮೇಲೆ ಒಂದೊಂದನ್ನೇ ಬದಲಿಸಿ ನೋಡಬಹುದು. ಒಂದು ಮನೆಯಲ್ಲಿ ದುಬಾರಿ ಕಿಟಕಿ ಹಾಕಿ ನೋಡಿದೆ, ಅಂಕ ಅಲುಗಾಡಲಿಲ್ಲ ಅನ್ನುವಷ್ಟು ಕಮ್ಮಿ. ಬಿಸಿ ಅಟ್ಟದಲ್ಲಿದ್ದ ಡಕ್ಟ್‌ಗಳನ್ನು (ಎಸಿ ಗಾಳಿ ಸಾಗುವ ಕೊಳವೆಗಳು) ಮನೆಯ ಒಳಜಾಗಕ್ಕೆ ಸರಿಸಿದೆ, ಕಣ್ಣೆದುರೇ ಇಳಿಯಿತು. ಬಿಲ್ಡರ್‌ಗೆ ತೋರಿಸಿದಾಗ ಕಿಟಕಿಯ ದುಡ್ಡು ಉಳಿಸಿಕೊಂಡ.

ಆದರೂ ನಾವು ತಪ್ಪು ಅಳತೆ ತುಂಬಿದರೆ ಸಾಫ್ಟ್‌ವೇರ್ ಅದನ್ನು ಹಿಡಿಯೋದಿಲ್ಲ. ನನ್ನ ನಾಲ್ಕನೇ ಮನೆ, 2,400 ಚದರಡಿ, ಒಂದೇ ಮಹಡಿ. ಬ್ಲೋವರ್ ಡೋರ್ 1,900 ಸಿಎಫ್‌ಎಂ ತೋರಿಸಿತು, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. ಅದನ್ನು 60ರಿಂದ ಗುಣಿಸಿ ಮನೆಯ ಘನ ಅಳತೆಯಿಂದ ಭಾಗಿಸಿದರೆ ಆ 50 ಪ್ಯಾಸ್ಕಲ್ ಒತ್ತಡದಲ್ಲಿ ಗಂಟೆಗೆ ಎಷ್ಟು ಸಲ ಮನೆಯ ಗಾಳಿ ಪೂರ್ತಿ ಬದಲಾಗುತ್ತೆ ಅಂತ ಸಿಗುತ್ತೆ. ನನಗೆ 5.94 ಬಂತು. ಬಿಲ್ಡರ್‌ನ ಗುರಿ 5ರ ಒಳಗೆ. ಫೇಲ್ ಅಂದೆ. ಸೈಟ್ ಮೇಸ್ತ್ರಿ ಏನೂ ಮಾತಾಡದೆ ಸೊಂಟದಿಂದ ಟೇಪ್ ತೆಗೆದು ನೆಲಕ್ಕೆ ಊರಿ ಸೀಲಿಂಗ್‌ವರೆಗೆ ಎಳೆದ, ಹೆಬ್ಬೆರಳಿಂದ ಲಾಕ್ ಮಾಡಿ ನನ್ನ ಮುಖದ ಮುಂದೆ ಹಿಡಿದ. ಹತ್ತಡಿ. ನನ್ನ ಹತ್ತಿರ ಇದ್ದ ಪ್ಲಾನಿನಲ್ಲಿ ಎಂಟಡಿ, ಮನೆ ಕೊಂಡವರು ಆಮೇಲೆ ಬದಲಾಯಿಸಿದ್ದರು. 19,200 ಘನ ಅಡಿ ಅಂತ ಹಾಕಿದ್ದು ನಿಜವಾಗಿ 24,000. ಸರಿ ಮಾಡಿದರೆ 4.75, ಪಾಸು. ಅವತ್ತಿಂದ ಪ್ಲಾನ್ ಏನೇ ಹೇಳಲಿ, ಒಳಗೆ ಕಾಲಿಟ್ಟ ತಕ್ಷಣ ಟೇಪ್ ಹಿಡಿಯೋದೇ.

ಈಗ ದುಡ್ಡು. ಕೋರ್ಸು 1,895, ಪರೀಕ್ಷೆಗಳಿಗೆ 410, ಉಸ್ತುವಾರಿಯ ಮೂರು ಮನೆಗೆ 750. ಬ್ಲೋವರ್ ಡೋರ್, ಡಕ್ಟ್ ಸೋರಿಕೆ ಅಳೆಯುವ ಸಣ್ಣ ಫ್ಯಾನು, ಒತ್ತಡ ಅಳೆಯುವ ಮ್ಯಾನೊಮೀಟರ್ ಸೇರಿ 7,400. ಇದು ದೊಡ್ಡ ಪೆಟ್ಟು. ಪ್ರೊವೈಡರ್‌ಗೆ 600, ವಿಮೆಗೆ 1,150, ಏಣಿ, ಮಂಡಿ ಕವಚ, ಮಾಸ್ಕು, ಸಣ್ಣ ಥರ್ಮಲ್ ಕ್ಯಾಮೆರಾಗೆ 640. ಮೊದಲ ವರ್ಷ ಕೈಬಿಟ್ಟು ಹೋಗಿದ್ದು 12,845 ಡಾಲರ್. ಎರಡು ಸಾವಿರ ಅಂದಾಗ ತಲೆ ಆಡಿಸಿದ್ದು ಯಾಕೆ ಅಂತ ಈಗ ತಿಳೀತಲ್ಲ. ಮ್ಯಾನೊಮೀಟರ್ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್‌ಗೆ ಹೋಗುತ್ತೆ. ಅದು ಊರಿಗೆ ಹೋದಾಗ ಬಾಡಿಗೆಗೆ ಇನ್ನೊಂದು ತರಬೇಕು.

ಬರೋದೆಷ್ಟು? ಒಂದು ಮನೆಗೆ ನಾನು 425 ತಗೋತೀನಿ. ಡ್ರೈವಾಲ್‌ಗೆ ಮುಂಚೆ ಒಂದು ಸಲ, ಎಲ್ಲ ಮುಗಿದ ಮೇಲೆ ಒಂದು ಸಲ ಹೋಗಬೇಕು. ಪ್ರೊವೈಡರ್‌ಗೆ 55, ಸಾಫ್ಟ್‌ವೇರ್‌ಗೆ 20. ಎರಡು ಸಲ ಹೋಗಿ ಬರೋಕೆ 88 ಮೈಲಿ. 2025ರ ತೆರಿಗೆ ದರ ಮೈಲಿಗೆ 70 ಸೆಂಟ್, ಅಂದರೆ 62 ಹತ್ತಿರ. ಉಳಿಯೋದು 288. ಅಳತೆ, ಡ್ರೈವಿಂಗು, ಕಂಪ್ಯೂಟರ್ ಕೆಲಸ ಸೇರಿ ಎಂಟೂವರೆ ಗಂಟೆ. ಗಂಟೆಗೆ 34 ಡಾಲರ್, ಉಪಕರಣ, ವಿಮೆ ಎಲ್ಲ ಕಳೆಯೋದು ಇನ್ನೂ ಇದೆ. ಒಂದೇ ಲೇಔಟ್‌ನಲ್ಲಿ ನಾಲ್ಕು ಮನೆ ಒಟ್ಟಿಗೆ ಸಿಕ್ಕ ದಿನ ಲೆಕ್ಕ ತಿರುಗುತ್ತೆ. ಬಿಡಿ ಮನೆಗಳ ಹಿಂದೆ ಓಡಿದರೆ ಪೆಟ್ರೋಲ್ ಬಂಕಿನವನು ಉದ್ಧಾರ ಆಗ್ತಾನೆ.

ಇನ್ನೊಂದು ಮಾತು, ಇದನ್ನು ಕೋರ್ಸ್ ಮಾರುವವರು ಎತ್ತೋದಿಲ್ಲ. ಬಿಲ್ಡರ್‌ಗಳು ನಮ್ಮನ್ನು ಕರೆಯುತ್ತಾ ಬಂದಿದ್ದಕ್ಕೆ ಒಂದು ಕಾರಣ, ಇಂಧನ ಉಳಿಸುವ ಮನೆ ಕಟ್ಟಿದವರಿಗೆ ಅಮೆರಿಕ ಸರ್ಕಾರದ 45ಎಲ್ ತೆರಿಗೆ ರಿಯಾಯಿತಿ. ಎನರ್ಜಿ ಸ್ಟಾರ್ ಅನ್ನೋ ಪ್ರಮಾಣಪತ್ರದ ಮನೆಗೆ 2,500, ಅದಕ್ಕಿಂತ ಬಿಗಿಯಾದ ಜೀರೋ ಎನರ್ಜಿ ರೆಡಿ ಪ್ರಮಾಣಪತ್ರದ ಮನೆಗೆ 5,000 ಡಾಲರ್. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜೂನ್ 30ರ ನಂತರ ಕೊಂಡ ಮನೆಗೆ ಅದು ಸಿಗೋದಿಲ್ಲ. ಕೋಡ್‌ಗೋಸ್ಕರ ಬೇಕಾಗುವ ಪರೀಕ್ಷೆಗಳು ಉಳೀತವೆ, ಆದರೆ ನನ್ನ ಇಬ್ಬರು ಬಿಲ್ಡರ್‌ಗಳು ಈಗಾಗಲೇ ದರ ಇಳಿಸು ಅಂತ ಶುರು ಮಾಡಿದ್ದಾರೆ.

ಹಾಗಾದರೆ ಆ ಹುಡುಗಿಗೆ ಏನು ಹೇಳಲಿ? ಕಲಿಯೋಕೆ ಯೋಗ್ಯ ಕೆಲಸವೇ. ಆದರೆ ನೇರವಾಗಿ ರೇಟರ್ ಆಗೋಕೆ ಹೋಗಬೇಡ, ರೇಟಿಂಗ್ ಫೀಲ್ಡ್ ಇನ್‌ಸ್ಪೆಕ್ಟರ್ ಅಂತ ಒಂದು ಮೆಟ್ಟಿಲು ಕೆಳಗಿನ ದಾರಿ ಇದೆ. ರೇಟರ್ ಕೈಕೆಳಗೆ ಅಳತೆ, ಪರೀಕ್ಷೆ ಮಾಡೋದು, ಫ್ಯಾನೂ ಮೀಟರೂ ಕಂಪನಿಯದು. ಒಂದು ಬೇಸಿಗೆ ಅಟ್ಟ ಹತ್ತಿ ನೋಡು, ಆಮೇಲೂ ಬೇಕನ್ನಿಸಿದರೆ ದುಡ್ಡು ಕಟ್ಟು. ಬರುವ ಶನಿವಾರ ಪಕ್ಕದ ಏಪೆಕ್ಸ್ ಊರಿನಲ್ಲಿ ಒಂದು ಮನೆಯ ಕೊನೇ ಪರೀಕ್ಷೆ ಇದೆ, ಜೊತೆಗೆ ಬಾ ಅಂತ ಅವಳನ್ನು ಕರೆದಿದ್ದೀನಿ. ಹಳೇ ಪ್ಯಾಂಟು ಹಾಕ್ಕೊಂಡು ಬಾ ಅಂತಲೂ ಹೇಳಿದ್ದೀನಿ, ಆ ಮನೆಗೆ ಕ್ರಾಲ್ ಸ್ಪೇಸ್ ಇದೆ.