20 ಡಿಗ್ರಿ ಎಂದು ಬರೆದಿದ್ದ ಪ್ರಮಾಣಪತ್ರವನ್ನು ನಂಬಿ ಕೆಟ್ಟೆ

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದೊಂದು ಸಣ್ಣ ಮೆಷಿನ್ ಶಾಪ್ ಇದೆ. ಅಳತೆಯ ಉಪಕರಣಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವಾರಗಟ್ಟಲೆ ಕಾಯುವುದೇಕೆ, ನಾವೇ ಬಂದು ಅರ್ಧ ದಿನದಲ್ಲಿ ಕ್ಯಾಲಿಬ್ರೇಷನ್ (ಉಪಕರಣ ಸರಿಯಾಗಿ ಅಳೆಯುತ್ತಿದೆಯೇ ಎಂಬ ತಪಾಸಣೆ) ಮುಗಿಸಿಕೊಡುತ್ತೇವೆ ಎಂದವರ ಮಾತಿಗೆ ಕಳೆದ ಮೇ ತಿಂಗಳಲ್ಲಿ ಒಪ್ಪಿದೆ. ಇಪ್ಪತ್ತೆರಡು ವರ್ಷ ಲೇತಿನ ಮುಂದೆ ನಿಂತವನಿಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆ ಮನುಷ್ಯ ಬಂದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಬಿಸಿಲಿನಲ್ಲಿ ನಿಂತಿದ್ದ ಕಾರಿನ ಡಿಕ್ಕಿಯಿಂದ ಮಾಸ್ಟರ್ ಸ್ಲಿಪ್ ಗೇಜ್ (ಉಳಿದ ಉಪಕರಣಗಳನ್ನು ಹೋಲಿಸಿ ನೋಡುವ, ನಿಖರ ಅಳತೆಯ ಉಕ್ಕಿನ ತುಂಡುಗಳು) ಪೆಟ್ಟಿಗೆಯನ್ನು ತೆಗೆದು ನೇರವಾಗಿ ನಮ್ಮ ಮೇಜಿನ ಮೇಲಿಟ್ಟರು. ಪೆಟ್ಟಿಗೆ ಸರಿಸಲು ಹೋದ ನನ್ನ ಕೈಗೆ ಬಿಸಿ ತಾಗಿತು. ತಾಗಿಯೂ ನಾನು ಸುಮ್ಮನಿದ್ದೆ. ಮಾಸ್ಟರನ್ನೂ ಅಳೆಯುವ ಉಪಕರಣವನ್ನೂ ಗಂಟೆಗಟ್ಟಲೆ ಒಂದೇ ಕಡೆ ಇಟ್ಟು ಎರಡರ ಉಷ್ಣತೆ ಸಮವಾದ ಮೇಲೆಯೇ ಅಳೆಯಬೇಕೆಂಬುದು ಅಪ್ರೆಂಟಿಸ್ ಹುಡುಗನಿಗೂ ಗೊತ್ತಿರುವ ವಿಷಯ. ಅವರು ಐದು ನಿಮಿಷವೂ ಕಾಯದೆ 100 ಮಿ.ಮೀ. ಸ್ಲಿಪ್ಪನ್ನು ಬರಿಗೈಯಲ್ಲಿ ಎತ್ತಿ ನಮ್ಮ ಡಿಜಿಟಲ್ ಮೈಕ್ರೋಮೀಟರಿಗೆ ಹಿಡಿದರು. 100.011 ಎಂದು ತೋರಿಸಿತು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎನ್ನುತ್ತೇವೆ. “11 ಮೈಕ್ರಾನ್ ಜಾಸ್ತಿ ತೋರಿಸುತ್ತಿದೆ ಸರ್, ಸರಿ ಮಾಡಿಕೊಡುತ್ತೇನೆ” ಎಂದು ಗುಂಡಿ ಒತ್ತಿ 100.000ಕ್ಕೆ ತಂದರು. ನಾನು ಧನ್ಯವಾದ ಹೇಳಿದೆ. ಹೇಳಿದ್ದಲ್ಲದೆ ಬೊಂಡ ಬೇರೆ ತರಿಸಿಕೊಟ್ಟೆ.

ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 100 ಮಿ.ಮೀ. ಸ್ಲಿಪ್ ನಮ್ಮ ಮೈಕ್ರೋಮೀಟರಿಗಿಂತ ಹತ್ತು ಡಿಗ್ರಿ ಬಿಸಿಯಾಗಿದ್ದರೆ ಹೆಚ್ಚೂಕಡಿಮೆ ಅದೇ 11 ಮೈಕ್ರಾನ್ ಆಯಿತು. ಹಿಗ್ಗಿದ್ದು ಅವರ ಸ್ಲಿಪ್, ಕೆಟ್ಟದ್ದು ನಮ್ಮ ಮೈಕ್ರೋಮೀಟರ್.

ಮುಂದಿನ ಆರ್ಡರಿನಲ್ಲಿ ಇದ್ದದ್ದು 100 ಮಿ.ಮೀ. ವ್ಯಾಸದ, ಎಚ್6 ದರ್ಜೆಯ ಶಾಫ್ಟ್‌ಗಳು. ಅಳತೆ 100ಕ್ಕಿಂತ 22 ಮೈಕ್ರಾನ್ ಕಡಿಮೆಯಿರಬಹುದು, ಒಂದು ಮೈಕ್ರಾನ್ ಕೂಡ ಹೆಚ್ಚಿರಬಾರದು. ನಮ್ಮಲ್ಲಿ 99.995 ತೋರಿಸಿದ ಶಾಫ್ಟ್ ನಿಜವಾಗಿ 100.006 ಇತ್ತು. ಬೇರಿಂಗ್ ಏರುತ್ತಿಲ್ಲವೆಂದು 64 ಶಾಫ್ಟ್‌ಗಳು ಹಿಂದಕ್ಕೆ ಬಂದವು. ಎರಡೂ ಕಡೆಯ ಲಾರಿ ಬಾಡಿಗೆ ನನ್ನ ತಲೆಗೇ ಬಂತು. ಆ ಸಂಜೆ ಮೈಕ್ರೋಮೀಟರಿನ ಜೊತೆಗೇ ಬರುವ 75 ಮಿ.ಮೀ. ಸೆಟ್ಟಿಂಗ್ ರಾಡ್ ಇಟ್ಟು ನೋಡಿದರೆ 74.989. ಒಂದು ನಿಮಿಷದ ಕೆಲಸ. ಕ್ಯಾಲಿಬ್ರೇಷನ್ ಆಗಿದೆಯೆಂಬ ಹೊಸ ಸ್ಟಿಕ್ಕರ್ ಇದೆಯೆಂದು ಆ ಒಂದು ನಿಮಿಷದ ಕೆಲಸವನ್ನೂ ನಾನು ಮಾಡಿರಲಿಲ್ಲ.

ಆಗಲೇ ಪ್ರಮಾಣಪತ್ರವನ್ನು ಮೊದಲ ಬಾರಿಗೆ ಪೂರ್ತಿ ಓದಿದ್ದು. ಉಷ್ಣತೆ 20 ± 1 ಡಿಗ್ರಿ, ಆರ್ದ್ರತೆ ಶೇ. 50 ಎಂದು ಅಚ್ಚಾಗಿತ್ತು. ಫ್ಯಾನ್ ಬಿಟ್ಟರೆ ಬೇರೇನೂ ಇಲ್ಲದ ನಮ್ಮ ಶೆಡ್ಡಿನಲ್ಲಿ, ಮೇ ತಿಂಗಳ ಮಂಗಳೂರಿನಲ್ಲಿ, 20 ಡಿಗ್ರಿ! ಆ ದಿನದ ನಮ್ಮ ರಿಜಿಸ್ಟರಿನಲ್ಲಿ 32 ಡಿಗ್ರಿ, ಶೇ. 78 ಎಂದಿದೆ. ಫೋನಿನಲ್ಲಿ ಕೇಳಿದಾಗ “ಅದು ಫಾರ್ಮ್ಯಾಟ್ ಸರ್, ಎಲ್ಲರಿಗೂ ಹಾಗೇ ಬರುತ್ತದೆ” ಎಂದರು. ಫಾರ್ಮ್ಯಾಟ್ ಅಂತೆ. ಅಳತೆಗೆ 20 ಡಿಗ್ರಿಯೇ ಆಧಾರವೆಂದು 1931ರಲ್ಲೇ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿದ್ದು ಹೀಗೆ ಅಚ್ಚು ಹಾಕಿ ಹಂಚುವುದಕ್ಕೆ ಎಂದು ಅವರು ತಿಳಿದಂತಿತ್ತು. ಮರುದಿನ ರಾಗ ಬದಲಾಯಿತು: “ನಿಮ್ಮ ಆಪರೇಟರ್ ಬೀಳಿಸಿರಬೇಕು.” ಆಮೇಲೆ ಫೋನ್ ಎತ್ತಲಿಲ್ಲ.

ಜೂನ್ ಮಳೆ ಹಿಡಿದ ಮೇಲೆ ಇನ್ನೊಂದು ಬಯಲಾಯಿತು. ನಮ್ಮ ಸ್ಲಿಪ್‌ಗಳನ್ನೂ ಅವರು ಬೆವರುಗೈಯಲ್ಲೇ ಮುಟ್ಟಿ, ಒರೆಸದೆ, ವ್ಯಾಸಲೀನ್ ಹಚ್ಚದೆ ಪೆಟ್ಟಿಗೆಗೆ ಹಾಕಿದ್ದರು. ನಾನೂ ತೆರೆದು ನೋಡಿರಲಿಲ್ಲ. ಬೆವರಿನ ಉಪ್ಪಿಗೆ ಮಳೆಗಾಲದ ತೇವ ಸೇರಿದರೆ ಉಕ್ಕಿಗೆ ಏನಾಗುತ್ತದೆಂಬುದು ಕರಾವಳಿಯವರಿಗೆ ಹೇಳಬೇಕಿಲ್ಲ. 25 ಮಿ.ಮೀ. ಸ್ಲಿಪ್ಪಿನ ಮೇಲೆ ಕಂದು ತುಕ್ಕಿನಲ್ಲಿ ಹೆಬ್ಬೆರಳಿನ ಗುರುತು ಸುಳಿಸುಳಿಯಾಗಿ ಮೂಡಿದೆ, ನಯವಾಗಿದ್ದರೆ ಒತ್ತಿ ಜಾರಿಸಿದೊಡನೆ ಒಂದಕ್ಕೊಂದು ಅಂಟಿಕೊಳ್ಳಬೇಕಾದ ಸ್ಲಿಪ್ಪು ಈಗ ಪಕ್ಕದ್ದಕ್ಕೆ ಅಂಟುವುದೇ ಇಲ್ಲ. ಚಿತ್ರ ಕಳುಹಿಸಿದ್ದಕ್ಕೆ “ಉಪ್ಪು ಗಾಳಿ ನಿಮ್ಮ ಊರಿನದು ಸರ್” ಎಂಬ ಒಂದೇ ಸಾಲಿನ ಉತ್ತರ ಬಂತು.

ಮನೆ ಬಾಗಿಲಿಗೆ ಬರುವವರನ್ನು ಕರೆಯಲೇಬೇಕಾದರೆ ಅವರಿಗೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಅದು ಸ್ಥಳದಲ್ಲೇ ಮಾಡುವ ಕೆಲಸಕ್ಕೂ ಅನ್ವಯಿಸುತ್ತದೆಯೇ ಎಂದು ಮೊದಲು ನೋಡಿ. ನಿಮ್ಮ ಥರ್ಮಾಮೀಟರನ್ನು ಮೇಜಿನ ಮೇಲಿಟ್ಟು, ಅದು ತೋರಿಸುವ ಅಂಕಿಯನ್ನೇ ಅವರ ಕೈಯಲ್ಲಿ ಬರೆಸಿ. ಬೊಂಡ ಕೊಡಬೇಡಿ.

ಶಾಫ್ಟ್‌ಗಳನ್ನು ಮತ್ತೆ ಗ್ರೈಂಡ್ ಮಾಡಿ ಉಳಿಸಿಕೊಂಡೆವು. ಕ್ಯಾಲಿಬ್ರೇಷನ್‌ಗೆ ಕೊಟ್ಟ ಹಣ ಇನ್ನೂ ಹಿಂದಿರುಗಿಲ್ಲ. ಮುಂದಿನ ವರ್ಷ ಶೇ. 20 ರಿಯಾಯಿತಿ ಕೊಡುತ್ತೇವೆಂದು ಮೊನ್ನೆ ಸಂದೇಶ ಬಂದಿದೆ.