ಹಳೇ ಕ್ಯಾಸೆಟ್‌ಗಳಿಗೆ ತಂದ ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್: ಒಂದೂವರೆ ವರ್ಷ ಬಳಸಿದ ಮೇಲೆ

ಹಳೇ ವಿಡಿಯೋ ಕ್ಯಾಸೆಟ್‌ನಲ್ಲಿ ಇರುವುದನ್ನು ಕಂಪ್ಯೂಟರ್ ಫೈಲ್ ಮಾಡಿಕೊಡುವ ಸ್ಟಿಕ್ ಇದು. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಸ್ಟಿಕ್‌ಗಳು ಹತ್ತಾರು ಹೆಸರಲ್ಲಿ ಸಿಗುತ್ತವೆ, ನೋಡಲು ಎಲ್ಲಾ ಒಂದೇ ಥರ. ಒಂದು ತುದಿ ಲ್ಯಾಪ್‌ಟಾಪ್‌ಗೆ, ಇನ್ನೊಂದು ತುದಿಯ ಹಳದಿ, ಬಿಳಿ, ಕೆಂಪು ಪಿನ್‌ಗಳು ಕ್ಯಾಸೆಟ್ ಓಡಿಸುವ ವಿಸಿಆರ್‌ಗೆ. ನಾನು ಕೊಟ್ಟಿದ್ದು 1,400 ರೂಪಾಯಿ. ಅಂಗಡಿಗೆ ಕೊಟ್ಟು ಮಾಡಿಸಿದ್ದರೆ ನನ್ನ ಹನ್ನೊಂದು ಕ್ಯಾಸೆಟ್‌ಗೆ ಅದರ ಎಷ್ಟೋ ಪಟ್ಟು ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆ ಕ್ಯಾಸೆಟ್‌ಗಳನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ.

ಸ್ಟಿಕ್ ಸುಲಭವಾಗಿ ಸಿಕ್ಕಿತು, ವಿಸಿಆರ್‌ಗೆ ಮಾತ್ರ ಅಲೆದಾಡಬೇಕಾಯಿತು. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸದು ಅಂತ ಎಲ್ಲೂ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಮೂರು ಶನಿವಾರ ಸುತ್ತಿದ ಮೇಲೆ, ರಿಪೇರಿ ಅಂಗಡಿಯವರೊಬ್ಬರು ಅಟ್ಟದಿಂದ ಒಂದನ್ನು ಇಳಿಸಿ ಕೊಟ್ಟರು. ಟೇಪ್ ಓದುವ ಹೆಡ್ ಒರೆಸುವುದನ್ನೂ ಅವರೇ ಹೇಳಿಕೊಟ್ಟರು. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ. ಐಸೋಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಮೆತ್ತನೆ ಚರ್ಮದ ತುಂಡನ್ನು, ಹೆಡ್ ಕೂತಿರುವ ಡ್ರಮ್‌ಗೆ ಸುಮ್ನೆ ತಾಗಿಸಿ ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಡ್ರಮ್ ತಿರುಗಿಸಬೇಕು, ಮೇಲೆ ಕೆಳಗೆ ಉಜ್ಜಲೇಬಾರದು.

ಮೊದಲ ದಿನ ಚಿತ್ರ ಕಪ್ಪುಬಿಳುಪಾಗಿ ಬಂದು ಉರುಳತೊಡಗಿತು. ಕ್ಯಾಸೆಟ್ ಹೋಯಿತು ಅಂದುಕೊಂಡು ಎದೆ ಧಸಕ್ ಅಂದಿತು. ನೋಡಿದರೆ ಸಾಫ್ಟ್‌ವೇರ್ ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿಗೆ ಸೆಟ್ ಆಗಿತ್ತು. ನಮ್ಮ ದೇಶದ ಕ್ಯಾಸೆಟ್‌ಗಳಿಗೆ ಪಾಲ್ ಅಂತ ಬದಲಾಯಿಸಿ, ಬಣ್ಣ ಬರುತ್ತದೆ.

ಆಮೇಲೆ ಭಾನುವಾರದ ಬೆಳಗ್ಗೆ ಅಂದರೆ ಇದೇ ಕೆಲಸ ಆಯಿತು. ತಿಂಡಿ ಆದಮೇಲೆ ವಿಸಿಆರ್ ಮೇಲಿನ ಕಸೂತಿ ಬಟ್ಟೆ ತೆಗೆಯುತ್ತೇನೆ. ಕ್ಯಾಸೆಟ್ ಒಳಗೆ ತಳ್ಳಿದರೆ ಅರ್ಧಕ್ಕೆ ಅದೇ ಎಳೆದುಕೊಳ್ಳುತ್ತದೆ, ಆಮೇಲೆ ಕಟ್ ಅಂತ ಒಂದು ಶಬ್ದ. ಬಾಡಿಗೆಗೆ ವಿಸಿಪಿ ತಂದು ರಾತ್ರಿಯಿಡೀ ಮೂರು ಸಿನಿಮಾ ನೋಡಿದವರಿಗೆ ಆ ಶಬ್ದ ಗೊತ್ತು, ಅಲ್ವಾ? ವರ್ಷಗಟ್ಟಲೆ ಸುಮ್ಮನೆ ಇದ್ದ ಟೇಪ್, ಒಂದು ಸಲ ಕೊನೆವರೆಗೂ ಓಡಿಸಿ ಹಿಂದಕ್ಕೆ ಸುತ್ತಿದ ಮೇಲೆಯೇ ಪ್ಲೇ ಒತ್ತುತ್ತೇನೆ. ಮೂರು ಗಂಟೆಯ ಕ್ಯಾಸೆಟ್‌ಗೆ ಮೂರು ಗಂಟೆಯೇ ಬೇಕು, ಬೇಗ ಮುಗಿಸುವ ದಾರಿ ಇಲ್ಲ. ಮೊದಮೊದಲು ಇದು ಕಿರಿಕಿರಿ ಅನ್ನಿಸುತ್ತಿತ್ತು, ಈಗ ಅದೇ ಇಷ್ಟ. ನಮ್ಮತ್ತೆ ಹುರುಳಿಕಾಯಿ ತಟ್ಟೆ ತಂದು ಪಕ್ಕ ಕೂರುತ್ತಾರೆ, ನಾರು ತೆಗೆಯುತ್ತಾ ಕೇಳುತ್ತಾರೆ: "ಆ ಹಸಿರು ಚೂಡಿದಾರದವಳು ಯಾರಮ್ಮ? ಪಾಪ, ಎಷ್ಟು ಸಣ್ಣಗಿದ್ದಾಳೆ." ಅದು ನಾನೇ.

ಇನ್ನು ದೂರಿಗೆ ಬರುತ್ತೇನೆ. ಈ ವಿಮರ್ಶೆ ಬರೆಯುತ್ತಿರುವುದೇ ಅದಕ್ಕೆ.

1997ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಹಾಸ್ಟೆಲ್‌ನಿಂದ ನಾವು ಏಳು ಜನ ಜೋಗಕ್ಕೆ ಹೋಗಿದ್ದೆವು. ನಮ್ಮಲ್ಲಿ ಭದ್ರಾವತಿಯವಳೊಬ್ಬಳ ಮಾವ ಕುವೈತ್‌ನಿಂದ ಕ್ಯಾಮೆರಾ ತಂದಿದ್ದರು, ಅವರೇ ಜೊತೆಗೆ ಬಂದು ಶೂಟ್ ಮಾಡಿ ಆಮೇಲೆ ವಿಎಚ್‌ಎಸ್‌ಗೆ ಕಾಪಿ ಮಾಡಿಸಿ ಕೊಟ್ಟರು. ಆ ಪ್ರವಾಸದ ಫೋಟೋಗಳೂ ಇವೆ, ಮೂವತ್ತಾರರ ಒಂದು ರೋಲ್. ಎಲ್ಲಾ ಫೋಟೋದಲ್ಲೂ ನಾವು ಸಾಲಾಗಿ ನಿಂತು ಕ್ಯಾಮೆರಾ ನೋಡುತ್ತಿದ್ದೇವೆ. ಮಾತು ಇರುವುದು ಕ್ಯಾಸೆಟ್‌ನಲ್ಲಿ ಮಾತ್ರ.

ಮಳೆಗಾಲದ ಜೋಗ ನೋಡಿದವರಿಗೆ ಗೊತ್ತು. ಪೂರ್ತಿ ಮಂಜು. 253 ಮೀಟರ್ ಜಲಪಾತ ಎದುರಿಗೇ ಇರುತ್ತದೆ, ಕಾಣುವುದಿಲ್ಲ, ಬರೀ ಭೋರ್ಗರೆತ. ಟೇಪ್‌ನಲ್ಲಿ ಎಂಟು ನಿಮಿಷ ಪರದೆ ಹಾಲಿನಂತೆ ಬೆಳ್ಳಗಿದೆ, ಹಿಂದೆ ನಮ್ಮ ಮಾತು ಕೇಳುತ್ತದೆ. ಯಾರಿಗೋ ಚಳಿ, ಯಾರೋ ಚಪ್ಪಲಿ ಕಿತ್ತುಹೋಯಿತು ಅಂತ ಗೊಣಗುತ್ತಿದ್ದಾರೆ. ಆಮೇಲೆ ಮಂಜು ಸರಿಯುತ್ತದೆ. ರಾಜ, ರೋರರ್, ರಾಕೆಟ್, ಕೊನೆಗೆ ರಾಣಿ. ಕ್ಯಾಮೆರಾ ನಮ್ಮ ಮುಖಗಳ ಕಡೆ ತಿರುಗುತ್ತದೆ, ಆಗ ಒಬ್ಬಳು ಕಿರುಚುತ್ತಾಳೆ: "ಕಾಣ್ತು! ರಾಣಿ ಕಾಣ್ತು ಕಣ್ರೇ!"

ನನ್ನ ಫೈಲ್‌ನಲ್ಲಿ ಆ ಕೂಗು ಬಂದಾಗ ಪರದೆಯಲ್ಲಿ ಇದ್ದವಳು ಭದ್ರಾವತಿಯವಳು, ಬಾಯಿ ತೆರೆದು ನಗುತ್ತಿದ್ದಳು. ಮೊಬೈಲ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳತಿಯರ ಗುಂಪಿಗೆ ಕಳಿಸಿದೆ. ಎಲ್ಲರೂ "ಅವಳಲ್ದೆ ಇನ್ಯಾರು" ಅಂದರು, ಅವಳಿಗೂ "ನಾನೇ, ಗಂಟಲು ಕಟ್ಟಿತ್ತು" ಅಂತ ನೆನಪು ಬಂತು. ಮೂರು ದಿನ ಅದೇ ಮಾತು, ಮೂರು ದಿನ ಅದೇ ಖುಷಿ. ಎಷ್ಟೋ ವರ್ಷದ ಮೇಲೆ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಏನೋ ಓಡಾಡಿತು.

ಆದರೆ ಅದೇ ಫೈಲ್‌ನಲ್ಲಿ ಮುಂದೆ ಬಸ್ ಹಾರ್ನ್ ಕೇಳಿದಾಗ ಬಸ್ ಆಗಲೇ ದಾಟಿ ಹೋಗಿತ್ತು. ಆಗ ಗೊತ್ತಾಯಿತು. ಟೇಪ್ ಸವೆದ ಜಾಗದಲ್ಲಿ ಈ ಸ್ಟಿಕ್ ಒಂದೆರಡು ಫ್ರೇಮ್, ಅಂದರೆ ಬಿಡಿ ಚಿತ್ರ, ಬಿಟ್ಟುಬಿಡುತ್ತದೆ, ಧ್ವನಿ ಮಾತ್ರ ತನ್ನ ಪಾಡಿಗೆ ಓಡುತ್ತದೆ. ಸೆಕೆಂಡಿಗೆ 25 ಫ್ರೇಮ್, ಐವತ್ತು ಬಿಟ್ಟುಹೋದರೆ ಧ್ವನಿ ಎರಡು ಸೆಕೆಂಡ್ ಹಿಂದೆ. ಟೇಪ್ ಉದ್ದಕ್ಕೂ ಇದು ಕೂಡುತ್ತಾ ಹೋಗುತ್ತದೆ. ನಾಲ್ಕು ತಿಂಗಳ ಭಾನುವಾರಗಳು ವ್ಯರ್ಥ ಅನ್ನಿಸಿ ನಿಜವಾಗಿಯೂ ಅಳು ಬಂತು. ಡಬ್ಬಿಯ ಮೇಲೆ ಈ ಬಗ್ಗೆ ಒಂದು ಸಾಲೂ ಇಲ್ಲ. ಬರೆದಿರಬೇಕಿತ್ತು.

ಪರಿಹಾರ ಇದೆ, ಕೆಲಸ ಜಾಸ್ತಿ. ಹದಿನೈದು ನಿಮಿಷಕ್ಕೊಂದು ಸಲ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಸುತ್ತಿ, ಹೊಸ ಫೈಲ್ ಶುರು ಮಾಡಬೇಕು. ಕಂಪ್ಯೂಟರ್‌ನಲ್ಲೂ ಸಾಫ್ಟ್‌ವೇರ್‌ನಲ್ಲೂ ಧ್ವನಿಯ ಸ್ಯಾಂಪಲ್ ರೇಟ್ 48,000 ಹರ್ಟ್ಸ್ ಅಂತಲೇ ಇರಬೇಕು. ಆ ಹೊತ್ತಲ್ಲಿ ಲ್ಯಾಪ್‌ಟಾಪ್‌ನಲ್ಲಿ ಬೇರೇನೂ ತೆರೆಯಬೇಡಿ. ಆವರೆಗೆ ಮಾಡಿದ್ದ ಎಲ್ಲಾ ಕ್ಯಾಸೆಟ್ ಮತ್ತೆ ಮೊದಲಿಂದ ಮಾಡಿದೆ.

ಈ ಸಲ ಕೂಗು ಎರಡು ಸೆಕೆಂಡ್ ಮುಂಚೆ ಬಂತು. ಪರದೆಯಲ್ಲಿ ಇದ್ದವಳು ಶಿರಸಿಯವಳು. ಕಂಬಿ ಹಿಡಿದು, ಎರಡು ಜಡೆ, ನೆನೆದ ಸ್ವೆಟರ್. ತುಟಿ ನೋಡಿದೆ, ಮತ್ತೆ ನೋಡಿದೆ, ಹತ್ತು ಸಲ ನೋಡಿದೆ. "ರಾಣಿ" ಅನ್ನುವಾಗ ಕೆಳತುಟಿ ಎಳೆಯುವುದೂ ಕಾಣುತ್ತದೆ. ಮೂರು ವರ್ಷ ನನ್ನ ರೂಮಲ್ಲೇ ಇದ್ದವಳು, ಊಟಕ್ಕೆ ಕರೆದರೂ ತಲೆ ಆಡಿಸಿ ಉತ್ತರ ಕೊಡುತ್ತಿದ್ದವಳು. ನಮ್ಮ ಗುಂಪಿನಲ್ಲಿ ಇಲ್ಲದವಳು ಅವಳೊಬ್ಬಳೇ. ನಂಬರ್ ಯಾರ ಹತ್ತಿರವೂ ಇರಲಿಲ್ಲ, ಇಷ್ಟು ವರ್ಷ ಯಾರೂ ಹುಡುಕಿರಲೂ ಇಲ್ಲ. ನಾನೂ ಹುಡುಕಿರಲಿಲ್ಲ.

ಯಲ್ಲಾಪುರದ ಅವಳ ಅತ್ತಿಗೆಯ ಮೂಲಕ ನಂಬರ್ ಸಿಕ್ಕಿತು. ಕ್ಲಿಪ್ ಕಳಿಸಿದೆ. ರಾತ್ರಿ ಉತ್ತರ ಬಂತು: "ನಾನೇ ಕಣೇ ಅದು. ನೀನು ಗುರುತು ಹಿಡಿತೀಯ ಅಂದುಕೊಂಡಿರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: "ವಾಪಸ್ ಬರುವಾಗ ಬಸ್ಸಲ್ಲಿ ಹಾಡಿದ್ದೆ. ಅದು ಇದೆಯಾ?"

ಅದು ಆ ಪ್ರವಾಸದ ಎರಡನೇ ಕ್ಯಾಸೆಟ್‌ನಲ್ಲಿ ಇರಬೇಕು, ಇನ್ನೂ ಓಡಿಸಿಲ್ಲ. ಅದಕ್ಕೆ ಬೂಷ್ಟು ಬಂದಿದೆ, ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಹಾಗೇ ವಿಸಿಆರ್‌ಗೆ ಹಾಕಿದರೆ ಹೆಡ್‌ಗೆ ಅಂಟಿಕೊಂಡು ಬೇರೆ ಕ್ಯಾಸೆಟ್‌ಗಳೂ ಹಾಳಾಗುತ್ತವೆ. ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಸ್ಟಿಕ್‌ಗೆ ಐದಕ್ಕೆ ಮೂರು. ತಾಳ್ಮೆ ಇದ್ದರೆ ತೊಗೊಳ್ಳಿ. ಬೆಂಗಳೂರಲ್ಲಿ ಅಥವಾ ಶಿವಮೊಗ್ಗದಲ್ಲಿ ಬೂಷ್ಟು ಬಂದ ಟೇಪ್ ಕೈಯಲ್ಲೇ ಬಿಚ್ಚಿ ಒರೆಸಿಕೊಡುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಎಷ್ಟಾದರೂ ಕೊಡುತ್ತೇನೆ.